ಹಳ್ಳದ ನಡುವಿನಿಂದ ಹದಿನೈದು ಮೀಟರ್: ಬಫರ್‌ನಲ್ಲಿ ಸಿಕ್ಕ ಹಳೇ ಮನೆಗೆ ಮಹಡಿ ಕಟ್ಟಿಸಿದ ಕಥೆ

"ನಿಮ್ಮ ಮನೆ ರಾಜಕಾಲುವೆ ಬಫರ್‌ನಲ್ಲಿದೆ" ಎಂದು ಯಾರಾದರೂ ಹೇಳಿದರೆ ಎದೆ ಒಡೆದುಕೊಳ್ಳುವ ಮುಂಚೆ ಒಂದು ಮಾತು ಕೇಳಿ: ಬಫರ್‌ನಲ್ಲಿದೆಯೋ, ಒತ್ತುವರಿಯಲ್ಲಿದೆಯೋ? ಬೆಂಗಳೂರಿನಲ್ಲಿ ಬ್ರೋಕರ್‌ಗಳಿಂದ ಹಿಡಿದು ಬ್ಯಾಂಕಿನವರ ತನಕ ಎಲ್ಲರೂ ಈ ಎರಡನ್ನೂ ಕಲಸಿಬಿಟ್ಟಿದ್ದಾರೆ. ರಾಜಕಾಲುವೆ ಎಂದರೆ ಮಳೆನೀರು ಹರಿಯುವ ಹಳ್ಳ, ಕಾಲುವೆ. ಒತ್ತುವರಿ ಎಂದರೆ ಆ ಹಳ್ಳದ ಜಾಗ, ಅಂದರೆ ಸಾರ್ವಜನಿಕರಿಗೆ ಬಿಟ್ಟ ಸರ್ಕಾರದ ಬಿ ಖರಾಬು, ಅದರ ಮೇಲೆ ನೀವು ಕೂತಿದ್ದೀರಿ ಎಂದು. ಬಫರ್ ಎಂದರೆ ಹಳ್ಳದ ಪಕ್ಕ ಖಾಲಿ ಬಿಡಬೇಕಾದ ಪಟ್ಟಿ: ಜಾಗ ನಿಮ್ಮದೇ, ಕ್ರಯಪತ್ರ ನಿಮ್ಮದೇ, ಕಂದಾಯವೂ ನೀವೇ ಕಟ್ಟಬೇಕು, ಆದರೆ ಅಲ್ಲಿ ಹೊಸದಾಗಿ ಏನೂ ಕಟ್ಟುವಂತಿಲ್ಲ. ಮೊದಲನೆಯದಕ್ಕೆ ಜೆಸಿಬಿ ಬರುತ್ತದೆ. ಎರಡನೆಯದಕ್ಕೆ ಯಾರೂ ಬರುವುದಿಲ್ಲ. ಬ್ಯಾಂಕು ಸಾಲ ಕೊಡುವುದಿಲ್ಲ, ಪ್ಲ್ಯಾನ್ ಮಂಜೂರಾಗುವುದಿಲ್ಲ, ಮಾರಲು ಹೋದರೆ ಕೊಳ್ಳುವವರು ಫೋನ್ ಎತ್ತುವುದಿಲ್ಲ. ನಮ್ಮದು ಈ ಎರಡನೆಯ ಜಾತಿ. ಇದು ತಿಳಿಯುವುದಕ್ಕೇ ಅರ್ಧ ವರ್ಷ ಹಿಡಿಯಿತು.

ಮನೆ ಅತ್ತೆಯವರ ಹೆಸರಿನಲ್ಲಿದೆ. ನಗರದ ದಕ್ಷಿಣದ ಹೊರವಲಯದಲ್ಲಿ ನಲವತ್ತು-ಅರವತ್ತರ ಸೈಟು. ಮಾವನವರು 1996ರಲ್ಲಿ, ನಮ್ಮ ಕಡೆ ಇನ್ನೂ ನಗರಸಭೆ ಇದ್ದಾಗ, ಪ್ಲ್ಯಾನ್ ಮಂಜೂರು ಮಾಡಿಸಿಯೇ ಕಟ್ಟಿದ್ದು. ಆಗ ಹಿಂದೆ ಹರಿಯುತ್ತಿದ್ದದ್ದಕ್ಕೆ ಹಳ್ಳ ಎನ್ನುತ್ತಿದ್ದರು, ಮಳೆಗಾಲ ಬಿಟ್ಟರೆ ಅದರಲ್ಲಿ ದನ ಮೇಯುತ್ತಿದ್ದವಂತೆ. 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ ನೂರಾಹತ್ತು ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಮಾಡಿದರು. ಅದೇ ವರ್ಷ ನಗರದ ಭೂಬಳಕೆ ಯೋಜನೆಯಾದ ಪರಿಷ್ಕೃತ ಮಾಸ್ಟರ್ ಪ್ಲ್ಯಾನ್ 2015ಕ್ಕೂ ಒಪ್ಪಿಗೆ ಸಿಕ್ಕಿತು. ಬಫರ್ ಬಂದದ್ದು ಆ ಪುಸ್ತಕದಲ್ಲಿ: ಮೊದಲ ದರ್ಜೆಯ ದೊಡ್ಡ ಕಾಲುವೆಗೆ 50 ಮೀಟರ್, ಎರಡನೇ ದರ್ಜೆಗೆ 25, ಮೂರನೆಯದಕ್ಕೆ 15. ಮೂರೂ ಕಾಲುವೆಯ ನಡುವಿನಿಂದ, ಎರಡೂ ಬದಿಗೆ. ಕೆರೆಗಾದರೆ ಸುತ್ತ 30 ಮೀಟರ್. ಮನೆಗೆ ಹನ್ನೊಂದು ವರ್ಷ ತುಂಬಿದ ಮೇಲೆ ಅದರ ಹಿತ್ತಿಲಿನ ಮೇಲೆ ಕಾಗದದಲ್ಲಿ ಗೆರೆಯೊಂದು ಬಿತ್ತು. ಯಾರೂ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ, ಕೇಳಬೇಕೆಂದು ಯಾರಿಗೆ ಹೊಳೆಯುತ್ತದೆ?

2023ರ ಕೊನೆಗೆ ಮಹಡಿ ಹಾಕೋಣ ಎಂದು ಹೊರಟೆವು. ಮೈದುನ ಹುಬ್ಬಳ್ಳಿಯಿಂದ ವರ್ಗವಾಗಿ ಬರುವವನಿದ್ದ, ಮಕ್ಕಳೂ ದೊಡ್ಡವರಾಗಿದ್ದರು. ಒಂದು ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದೆ. ಸಂಬಳದ ಚೀಟಿ, ಕ್ರಯಪತ್ರ, ಇಸಿ (ಋಣಭಾರ ಪತ್ರ), ಖಾತಾ, ಕಂದಾಯದ ರಸೀದಿ ಎಲ್ಲವೂ ಸರಿ ಎಂದರು. ಆಮೇಲೆ ಅವರ ವಕೀಲರ ವರದಿ ಬಂತು. ಕೊನೆಯ ಪುಟದಲ್ಲಿ ಎರಡು ಸಾಲು: ಸ್ವತ್ತಿನ ಪೂರ್ವಕ್ಕೆ ಹಳ್ಳವಿದೆ, ಬಫರ್ ವಲಯಕ್ಕೆ ಸೇರಿಲ್ಲ ಎಂಬ ಪತ್ರ ಹಾಜರುಪಡಿಸತಕ್ಕದ್ದು.

ಇಂಥ ಪತ್ರ ಕೊಡುವ ಕೌಂಟರ್ ಯಾವ ಕಚೇರಿಯಲ್ಲೂ ಇಲ್ಲ. ಆ ಮಾಸ್ಟರ್ ಪ್ಲ್ಯಾನ್ ಮಾಡಿದ್ದು ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಮನೆಯ ಪ್ಲ್ಯಾನ್ ಮಂಜೂರು ಮಾಡುವುದು ಪಾಲಿಕೆಯ ನಗರ ಯೋಜನೆಯವರು. ಕಾಲುವೆ ನೋಡಿಕೊಳ್ಳುವುದು ಬೃಹತ್ ಮಳೆನೀರುಗಾಲುವೆ ವಿಭಾಗ. ಆ ಕಾಲುವೆ ದಾಖಲೆಯಲ್ಲಿ ಎಲ್ಲಿದೆ ಎಂದು ಅಳೆಯುವುದು ಭೂದಾಖಲೆ ಇಲಾಖೆ. ಒತ್ತುವರಿ ಇದ್ದರೆ ಭೂಕಂದಾಯ ಕಾಯ್ದೆಯ 104ನೇ ಕಲಮಿನಡಿ ತೆರವಿಗೆ ಆದೇಶ ಮಾಡುವುದು ತಹಶೀಲ್ದಾರರು. ಐದು ಕಡೆಯಲ್ಲಿ ಯಾರನ್ನು ಕೇಳಿದರೂ ಅವರು ಹೇಳಿದ್ದು ತಪ್ಪಲ್ಲ, ಆದರೆ ಯಾವುದೂ ಪೂರ್ತಿಯಲ್ಲ. ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ನನ್ನ ಕಡತ ತಿರುಗಿಸಿ ತಿರುಗಿಸಿ ನೋಡಿ, "ಮೇಡಂ, ನೀವು ಇಲ್ಲದ್ದನ್ನ ಇಲ್ಲ ಅಂತ ಬರೆಸ್ಕೊಳ್ಳೋಕೆ ಬಂದಿದ್ದೀರಿ. ಇರೋದನ್ನ ಎಷ್ಟಿದೆ ಅಂತ ಬರೆಸ್ಕೊಳ್ಳಿ" ಎಂದರು. ಅಷ್ಟು ದಿನಗಳಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸಲಹೆ ಅದು. "ಬಫರ್ ಇಲ್ಲ" ಎಂಬ ಪತ್ರದ ಹಿಂದೆ ಓಡಬೇಡಿ. ಸರ್ವೆ ನಕಾಶೆ ಮಾಡಿಸಿ, ಕಾಲುವೆಯ ದರ್ಜೆ ಯಾವುದು, ನಿಮ್ಮ ಗೋಡೆಗೆ ಎಷ್ಟು ದೂರ ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ. ಅದನ್ನು ಕೊಡಲು ಅವರಿಗೆ ಅಧಿಕಾರವಿದೆ, ಹೆದರಿಕೆಯೂ ಕಡಿಮೆ.

ಈ ನಡುವೆ ಒಬ್ಬ ಮಧ್ಯವರ್ತಿ ಮನೆಗೇ ಬಂದ. ಎರಡು ಲಕ್ಷ ಕೊಟ್ಟರೆ ನಕಾಶೆಯಲ್ಲಿ ಹಳ್ಳವೇ ಕಾಣದ ಹಾಗೆ ಮಾಡಿಸುತ್ತೇನೆ ಎಂದ. ಹಾಗೆ ಮಾಡಿಸಿಕೊಂಡವರ ಮನೆಯೊಳಗೆ ಮಳೆ ಬಂದಾಗ ಹಳ್ಳವೇ ಹುಡುಕಿಕೊಂಡು ಬರುತ್ತದೆ ಎಂದು ಅತ್ತೆ ಅವನಿಗೆ ಕಾಫಿ ಕೊಟ್ಟು ಕಳಿಸಿದರು.

ದರ್ಜೆ ತಿಳಿಯುವುದು ಮೊದಲ ಕೆಲಸ, ಏಕೆಂದರೆ 15 ಮೀಟರ್ ಆದರೆ ಅರ್ಧ ಮನೆ ಉಳಿಯುತ್ತಿತ್ತು, 25 ಆದರೆ ಸೈಟಿಗೆ ಸೈಟೇ ಹೋಗುತ್ತಿತ್ತು. ಬಾಯಲ್ಲಿ ಕೇಳಿದಾಗ ಒಬ್ಬರು ಎರಡನೇ ದರ್ಜೆ ಎಂದರು, ಇನ್ನೊಬ್ಬರು ಮೂರನೆಯದು ಎಂದರು. ನಾನು ಆರ್‌ಟಿಐ ಹಾಕಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು ಎಲ್ಲರಿಗೂ ಗೊತ್ತು. ಕರ್ನಾಟಕದ ನಿಯಮದಲ್ಲಿ ಇನ್ನೊಂದು ಕೊಕ್ಕೆ ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ನಾವು ಮೇಷ್ಟ್ರುಗಳು ಪೀಠಿಕೆ ಹಾಕದೆ ಬರೆಯುವುದಿಲ್ಲ, ಆದರೂ ಪೀಠಿಕೆ ಬಿಟ್ಟೆ. ನಮ್ಮ ಗ್ರಾಮದ ಹೆಸರು, ಸರ್ವೆ ನಂಬರು, ಅದರ ಪೂರ್ವಕ್ಕಿರುವ ಕಾಲುವೆಯ ದರ್ಜೆ ತೋರಿಸುವ ದಾಖಲೆಯ ದೃಢೀಕೃತ ಪ್ರತಿ, ಇಷ್ಟೇ. ಮಾಸ್ಟರ್ ಪ್ಲ್ಯಾನಿನಲ್ಲಿ ನಗರವನ್ನು 47 ಯೋಜನಾ ಜಿಲ್ಲೆಗಳಾಗಿ ಹಂಚಿದ್ದಾರೆ. ನಿಮ್ಮದು ಯಾವುದು ಎಂದು ಮೊದಲೇ ನೋಡಿಕೊಂಡು ಬೇರೆ ಅರ್ಜಿಯಲ್ಲಿ ಆ ಜಿಲ್ಲೆಯ ನಕಾಶೆಯ ಹಾಳೆಯನ್ನು ಕೇಳಿ. "ಮಾಹಿತಿ ಅಸ್ಪಷ್ಟ" ಎಂದು ವಾಪಸ್ ಕಳಿಸಲು ಆಗ ಅವಕಾಶ ಇರುವುದಿಲ್ಲ.

ಉತ್ತರ ಬಂತು: ಮೂರನೇ ದರ್ಜೆ. ಆ ರಾತ್ರಿ ಮನೆಯಲ್ಲಿ ಪಾಯಸ ಮಾಡಿದೆವು.

ಮರುದಿನ ಹಾಳೆ ಬಿಡಿಸಿ ನೋಡಿದರೆ ನಮ್ಮ ಬೀದಿಯ ಹಿಂದೆ ಬಫರ್‌ನ ಬಣ್ಣವೇ ಇರಲಿಲ್ಲ! ಹಾಗಾದರೆ ಬಫರ್ ಇಲ್ಲ ತಾನೇ ಎಂದು ಕುಣಿದಾಡಬೇಡಿ. ವಲಯ ನಿಯಮಾವಳಿಯಲ್ಲೇ ಇದಕ್ಕೊಂದು ಸಾಲಿದೆ. ನಕಾಶೆ ಬರೆಯುವಾಗಿನ ದೋಷದಿಂದ ಬಫರ್ ಗುರುತು ಬಿಟ್ಟುಹೋಗಿದ್ದರೆ, ಕಂದಾಯ ದಾಖಲೆಯ ಪ್ರಕಾರ ಬಫರ್ ಬಿಡಿಸಲೇಬೇಕು, ಭೂಬಳಕೆ ನಕಾಶೆಯನ್ನು ನೋಡಬೇಕಿಲ್ಲ. ಬಣ್ಣ ಇಲ್ಲದ್ದು ನಮಗೆ ಲಾಭವಾಗಲಿಲ್ಲ. ಆದರೆ "ಕಂದಾಯ ದಾಖಲೆಯ ಪ್ರಕಾರ" ಎಂಬ ಆ ಮೂರು ಪದಗಳು ಮುಂದೆ ನಮ್ಮ ಮನೆಯ ಮುಂಭಾಗವನ್ನು ಉಳಿಸಿಕೊಟ್ಟವು.

ಅದು ಹೇಗೆಂದರೆ, ಈಗಿರುವ ಕಾಂಕ್ರೀಟ್ ಕಾಲುವೆ ನಮ್ಮ ಹಿಂದಿನ ಕಾಂಪೌಂಡಿಗೆ ಒತ್ತಿಕೊಂಡೇ ಹೋಗಿದೆ. ಅಗಲ ಸುಮಾರು ನಾಲ್ಕು ಮೀಟರ್, ಅದರ ನಡುವಿನಿಂದ ನಮ್ಮ ಕಾಂಪೌಂಡಿಗೆ ಎರಡೇ ಮೀಟರ್. ಅಲ್ಲಿಂದ ಹದಿನೈದು ಅಳೆದರೆ ಸೈಟಿನೊಳಗೆ ಹದಿಮೂರು ಮೀಟರ್ ಬಫರ್. ನಮ್ಮ ಸೈಟಿನ ಉದ್ದವೇ ಹದಿನೆಂಟು ಚಿಲ್ಲರೆ. ಉಳಿಯುವ ಐದು ಮೀಟರಿನಲ್ಲಿ ಮುಂದಿನ ಖಾಲಿ ಜಾಗ ಕಳೆದರೆ ಒಂದು ವರಾಂಡ. ಸ್ಥಳ ನೋಡಲು ಬಂದ ಎಂಜಿನಿಯರ್ ಟೇಪು ಹಿಡಿದು ಹೀಗೇ ಅಳೆದರು. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು, "ಏನಪ್ಪಾ, ಹಳ್ಳ ಇಲ್ಲಿರ್ಲಿಲ್ಲ. ಆ ಕಡೆ ಶೆಡ್ ಇದ್ಯಲ್ಲ, ಅಲ್ಲಿ ತನಕ ಇತ್ತು. ಗೋಡೆ ಕಟ್ಟುವಾಗ ಈ ಕಡೆಗೆ ತಳ್ಳಿದ್ದು" ಎಂದರು. "ಅಮ್ಮಾ, ಬಾಯ್ಮಾತು ನಡೆಯಲ್ಲ, ಸರ್ವೆ ಮಾಡಿಸಿ" ಎಂದು ಎಂಜಿನಿಯರ್ ನಗುತ್ತಲೇ ಹೇಳಿದರು. ಸರಿಯಾದ ಮಾತೇ.

ಬಡಾವಣೆಯಲ್ಲಿ ಸೈಟು ಇರುವವರಿಗೆ ಸರ್ವೆ ಅಷ್ಟು ಸುಲಭವಲ್ಲ. ನಮ್ಮ ಹೆಸರು ಪಾಲಿಕೆಯ ಖಾತೆಯಲ್ಲಿದೆ, ಪಹಣಿಯಲ್ಲಿಲ್ಲ. ಪಹಣಿಯಲ್ಲಿ ಇವತ್ತಿಗೂ ಆ ಜಮೀನನ್ನು ಭೂಪರಿವರ್ತನೆ ಮಾಡಿಸಿ ಸೈಟು ಹಂಚಿದ ರೈತರ ಹೆಸರೇ ಇದೆ. ಸರ್ವೆ ನಂಬರಿನ ಅಳತೆಗೆ ಅವರ ಒಪ್ಪಿಗೆಯೂ ಬೇಕು, ನೋಟಿಸೂ ಅವರಿಗೇ ಹೋಗಬೇಕು ಎಂದರು. ಆ ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಕನಕಪುರ ರಸ್ತೆಯ ಆಚೆ ತೋಟದಲ್ಲಿದ್ದಾರೆ ಎಂದು ಹುಡುಕಿಕೊಂಡು ಹೋದೆವು. ಅವರು ಸಹಿ ಹಾಕಿಕೊಟ್ಟಿದ್ದಲ್ಲದೆ ಅಟ್ಟದಿಂದ ಒಂದು ಟ್ರಂಕು ಇಳಿಸಿ, ಅವರಪ್ಪ ಇಟ್ಟಿದ್ದ ಭೂಪರಿವರ್ತನೆಯ ಆದೇಶದ ಪ್ರತಿಯನ್ನೂ ಕೊಟ್ಟರು. ನಿಮ್ಮ ಬಡಾವಣೆಯ ಮೂಲ ಜಮೀನುದಾರರ ಮನೆಯವರ ಗುರುತು ಇಟ್ಟುಕೊಂಡಿರಿ, ಹಬ್ಬಕ್ಕೊಮ್ಮೆ ಮಾತಾಡಿಸಿ. ಇದು ಯಾವ ಅರ್ಜಿ ನಮೂನೆಯಲ್ಲೂ ಇರುವುದಿಲ್ಲ.

ಅದೇ ಪಹಣಿಯ ಮೂರನೇ ಕಲಂ ನೋಡುವುದನ್ನು ಎಲ್ಲರೂ ಕಲಿಯಬೇಕು. ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು ಅ, ಬ ಎಂದು ಎರಡು ಇರುತ್ತವೆ. ಅ ಎಂದರೆ ಉಳುಮೆಗೆ ಬಾರದ್ದು. ಬ ಎಂದರೆ ದಾರಿ, ಹಳ್ಳ, ಸಾರ್ವಜನಿಕರಿಗೆ ಬಿಟ್ಟದ್ದು. ಬ ಅಡಿಯಲ್ಲಿ ಗುಂಟೆಗಳಿದ್ದು, ಸೈಟು ಹಂಚಿದವರು ಅದನ್ನೂ ಸೇರಿಸಿ ಹಂಚಿದ್ದರೆ ನಿಮ್ಮ ಕಥೆ ಬಫರ್‌ನದಲ್ಲ, ಒತ್ತುವರಿಯದು. ಆಗ ವಕೀಲರನ್ನೇ ನೋಡಬೇಕು, ಈ ಬರಹ ಸಾಲದು.

ಸರ್ವೆಗೆ ಅರ್ಜಿ ಹಾಕಿದ ಹೊತ್ತಿಗೆ ಲೋಕಸಭಾ ಚುನಾವಣೆ ಬಂತು. 2024ರ ಏಪ್ರಿಲ್ 26ಕ್ಕೆ ನಮ್ಮ ಮತದಾನ. ಅದಕ್ಕೂ ಮುಂಚಿನಿಂದ ಜೂನ್ ತನಕ ಯಾವ ಮೇಜಿಗೆ ಹೋದರೂ "ಎಲೆಕ್ಷನ್ ಡ್ಯೂಟಿ". ನನಗೂ ಡ್ಯೂಟಿ ಬಿದ್ದಿತ್ತು, ಬಯ್ಯುವ ಹಾಗಿರಲಿಲ್ಲ. ಅದು ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು, ಕಾಲುವೆಯೊಳಗೆ ಇಳಿದು ಅಳೆಯುವಂತಿರಲಿಲ್ಲ. ಬ್ಯಾಂಕಿನವರು ಕೊಟ್ಟಿದ್ದ ಮಂಜೂರಾತಿಯ ಅವಧಿ ಮುಗಿದುಹೋಯಿತು, ಸಾಲದ ಅರ್ಜಿ ಹೊಸದಾಗಿ ಹಾಕಬೇಕಾಯಿತು. ಆದ್ದರಿಂದ ಕೈಯಲ್ಲಿ ನಕಾಶೆ ಬರುವ ತನಕ ಬ್ಯಾಂಕಿಗೆ ಸಂಸ್ಕರಣಾ ಶುಲ್ಕ ಕಟ್ಟಲೇಬೇಡಿ.

ಆ ಕಾಯುವ ತಿಂಗಳುಗಳೇ ಹೆಚ್ಚು ಕಾಡಿದ್ದು. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಕಡೆ ಬಡಾವಣೆಗಳು ಮುಳುಗಿ, ಟ್ರ್ಯಾಕ್ಟರಿನಲ್ಲಿ ಜನ ಕೆಲಸಕ್ಕೆ ಹೋದದ್ದು, ಆಮೇಲೆ ಜೆಸಿಬಿಗಳು ಸಾಲಾಗಿ ಬಂದದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಅತ್ತೆಗೆ ಆ ಚಿತ್ರ ತಲೆಯಿಂದ ಹೋಗಲಿಲ್ಲ. ಬೀದಿಗೆ ಯಾವ ದೊಡ್ಡ ಗಾಡಿ ಬಂದರೂ ಎದ್ದು ಕಿಟಕಿಗೆ ಹೋಗುತ್ತಿದ್ದರು. ಪಕ್ಕದ ಮನೆಯ ರಂಗಪ್ಪನವರು (ಹೆಸರು ಬದಲಿಸಿದ್ದೇನೆ) ಗೇಟಿನ ಹತ್ತಿರ ನಿಲ್ಲಿಸಿಕೊಂಡು, "ಇರಲಾರ್ದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಹಂಗ್ ಮಾಡ್ತಿದ್ದೀರ ಟೀಚರಮ್ಮ. ಸರ್ವೆಯೋರ್ನ ನೀವೇ ಕರ್ಕೊಂಡ್ ಬಂದ್ರೆ ಬೀದಿಗೆ ಬೀದಿನೇ ಹಾಳಾಗುತ್ತೆ" ಎಂದರು. ಅವರ ಭಯ ಸುಳ್ಳು ಎನ್ನುವಂತಿರಲಿಲ್ಲ. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಈ ಅಂತರಗಳನ್ನು ಏರಿಸಿ, ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮಾಡಿ, ನಡುವಿನಿಂದಲ್ಲ, ಅಂಚಿನಿಂದ ಅಳೆಯಬೇಕು ಎಂದಾಗ ಅವರು ಮನೆ ಮಾರಲು ಹೊರಟಿದ್ದರು. ಆ ಲೆಕ್ಕದಲ್ಲಿ ನಮ್ಮ ಸಾಲು ಪೂರ್ತಿ ಒಳಗೆ. ಕೊಳ್ಳಲು ಬಂದವರು ಮುಂಗಡ ವಾಪಸ್ ಕೇಳಿದರು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಅಂತರಗಳನ್ನು ರದ್ದುಮಾಡಿ, ಮಾಸ್ಟರ್ ಪ್ಲ್ಯಾನಿನದೇ ಅನ್ವಯ ಎಂದಿತು. ಆದರೂ 75 ಮೀಟರ್ ಎಂದು ಹೆದರಿಸುವ ಬ್ರೋಕರ್‌ಗಳು ಇನ್ನೂ ಇದ್ದಾರೆ, ಬೆಲೆ ಇಳಿಸುವುದಕ್ಕೆ ಒಳ್ಳೆಯ ಉಪಾಯ.

ಮಳೆ ಬಿಡುವು ಕೊಟ್ಟಾಗ, ಸಂಬಂಧಪಟ್ಟ ಇಲಾಖೆಗಳು ಸೇರಿ ಮಾಡುವ ಜಂಟಿ ಸರ್ವೆಗೆ ದಿನ ಸಿಕ್ಕಿತು. ಅದಕ್ಕೂ ಮುಂಚೆ ನಾವೇ ಒಬ್ಬ ಪರವಾನಗಿ ಇರುವ ಖಾಸಗಿ ಸರ್ವೆಯರ್ ಹತ್ತಿರ ಅಳತೆ ಮಾಡಿಸಿದ್ದೆವು. ಅವರ ಮಾತು ಸರ್ಕಾರಿ ಕಡತದಲ್ಲಿ ನಿಲ್ಲುವುದಿಲ್ಲ, ಆದರೂ ಕೊಟ್ಟ ಹದಿನೈದು ಸಾವಿರಕ್ಕೆ ಮೋಸವಿಲ್ಲ. ನಮಗೆ ಗ್ರಾಮ ನಕಾಶೆ ಓದುವುದನ್ನು ಕಲಿಸಿದವರು ಅವರೇ. ಹಳೆಯ ಗ್ರಾಮ ನಕಾಶೆಗಳ ಅಳತೆಮಾನ ಒಂದು ಇಂಚಿಗೆ ಹತ್ತು ಸರಪಳಿ, ಅಂದರೆ 1:7920. ಕಾಗದದ ಮೇಲೆ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಹತ್ತಿರಹತ್ತಿರ ಎಂಟು ಮೀಟರ್! ನಮ್ಮ ಬಫರ್ ಒಟ್ಟು ಹದಿನೈದು. ಪೆನ್ಸಿಲ್ ಗೆರೆ ದಪ್ಪವಾದರೆ ಅಡುಗೆಮನೆ ಹೋಗುತ್ತದೆ. ಮೊಬೈಲಿನ ದಿಶಾಂಕ್ ಆ್ಯಪ್ ಸರ್ವೆ ನಂಬರು ತಿಳಿಯಲು ಬಹಳ ಉಪಯೋಗ, ಆದರೆ ಅದರಲ್ಲಿ ಹಳ್ಳ ರಂಗಪ್ಪನವರ ಮೆಟ್ಟಿಲ ಮೇಲೆ ಹರಿಯುತ್ತಿತ್ತು. ಅದನ್ನು ನೋಡಿ ಅಳಬಾರದು, ನಗಲೂಬಾರದು. ನಿಜವಾದ ಅಂಕಿಗಳಿರುವುದು ಟಿಪ್ಪಣಿ ಪುಸ್ತಕದಲ್ಲಿ, ಮೂಲ ಸರ್ವೆಯವರು ಸರಪಳಿ ಎಳೆದು ಬರೆದಿಟ್ಟ ಅಳತೆಗಳಲ್ಲಿ. ಟಿಪ್ಪಣಿಯ ನಕಲು, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಗ್ರಾಮ ನಕಾಶೆ ಮೂರನ್ನೂ ಮೊದಲೇ ತೆಗೆದಿಟ್ಟುಕೊಳ್ಳಿ.

ಸರ್ವೆ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಕಳೆದದ್ದು ಒಂದು ಗಡಿಕಲ್ಲು ಹುಡುಕುವುದರಲ್ಲಿ. ಮೂರು ಗ್ರಾಮಗಳ ಎಲ್ಲೆ ಕೂಡುವ ಕಲ್ಲು ಸಿಕ್ಕರೆ ಅಳತೆ ಅಲ್ಲಿಂದ ಶುರು. ಅದು ಒಂದು ಮುನೇಶ್ವರನ ಗುಡಿಯ ಜಗಲಿಯಲ್ಲಿ ಅರಿಶಿನ ಬಳಿಸಿಕೊಂಡು ಕೂತಿತ್ತು. ಪೂಜಾರಿ ಅದನ್ನು ಮುಟ್ಟಲು ಬಿಡಲಿಲ್ಲ. ಕೊನೆಗೆ ಸರ್ವೆಯರ್ ಚಪ್ಪಲಿ ಬಿಟ್ಟು, ಒಂದು ಕಾಯಿ ಒಡೆಸಿ, ಅದರ ಪಕ್ಕದಲ್ಲೇ ಉಪಕರಣ ನಿಲ್ಲಿಸಿದರು. ಅಲ್ಲಿಂದ ಅಳೆದುಕೊಂಡು ಬಂದಾಗ ಅತ್ತೆ ಹೇಳಿದ್ದೇ ನಿಜವಾಯಿತು. ದಾಖಲೆಯಲ್ಲಿ ಹಳ್ಳದ ಅಗಲ ಅರ್ಧ ಸರಪಳಿ, 33 ಅಡಿ. ನಮ್ಮ ಕಾಂಪೌಂಡು ಸರಿಯಾಗಿ ಅದರ ಅಂಚಿನಲ್ಲಿದೆ, ಒಂದಿಂಚೂ ಒಳಗಿಲ್ಲ. ಕಾಂಕ್ರೀಟ್ ಕಾಲುವೆಯನ್ನು ಆ ಅಗಲದ ನಮ್ಮ ಬದಿಗೆ ಒತ್ತಿ ಕಟ್ಟಿದ್ದಾರೆ. ಹಳ್ಳದ ನಡು ಎಂದರೆ ನಮ್ಮಿಂದ ಐದು ಮೀಟರ್ ಆಚೆ. ಬಫರ್ ಸೈಟಿನೊಳಗೆ ಹದಿಮೂರಲ್ಲ, ಹತ್ತು. ಮುಂದೆ ಎಂಟು ಮೀಟರ್ ಉಳಿಯಿತು.

ಆದರೆ ಹಾಗೆ ಅಳೆದಾಗ ಆ ಬದಿಯ ಮೂರು ಶೆಡ್ಡುಗಳು ಬಿ ಖರಾಬಿನ ಮೇಲೆ ಬಂದವು. ಒಂದರಲ್ಲಿ ಗುಜರಿ ಅಂಗಡಿ, ಎರಡರಲ್ಲಿ ಕೂಲಿಯವರ ಸಂಸಾರ. ಸರ್ವೆಯವರು ಕೆಂಪು ಬಣ್ಣದಲ್ಲಿ ಗುರುತು ಹಾಕುವಾಗ ಅಲ್ಲಿನ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ನಾನು ಕೇಳಿದ್ದು ನನ್ನ ಮನೆಯ ಅಳತೆ, ಅವರ ಮೇಲೆ ದೂರು ಕೊಟ್ಟಿರಲಿಲ್ಲ. ಆದರೂ ನೋಟಿಸ್ ಹೋದದ್ದು ಈ ಸರ್ವೆಯಿಂದಲೇ. ಬಾಡಿಗೆ ವಸೂಲಿ ಮಾಡುತ್ತಿದ್ದವರು ಬೇರೆ ಕಡೆ ಆರಾಮಾಗಿದ್ದಾರೆ. ಶೆಡ್ಡು ಇನ್ನೂ ಇವೆ, ಪ್ರಕರಣ ನಡೆಯುತ್ತಿದೆ. ಜಂಟಿ ಸರ್ವೆ ಕರೆಯುವವರು ಇದನ್ನು ತಿಳಿದೇ ಕರೆಯಬೇಕು: ಗೆರೆ ನಿಮ್ಮ ಮನೆಯ ಮುಂದೆ ನಿಲ್ಲುವುದಿಲ್ಲ.

ನಿಯಮವೇ ಅನ್ಯಾಯ ಎನ್ನಲಾರೆ. ಮಹಾಲೇಖಪಾಲರ ವರದಿಯೊಂದರ ಪ್ರಕಾರ ಕೋರಮಂಗಲ ಕಣಿವೆಯಲ್ಲಿ 1900ರ ಆಸುಪಾಸಿಗೆ 113 ಕಿಲೋಮೀಟರ್ ಇದ್ದ ಕಾಲುವೆ 2016-17ಕ್ಕೆ 63 ಕಿಲೋಮೀಟರಿಗೆ ಇಳಿದಿತ್ತು. ನೀರಿಗೆ ಜಾಗ ಬೇಕು, 2022ರಲ್ಲಿ ನಮ್ಮ ಬೀದಿಗೂ ಮೊಣಕಾಲುದ್ದ ಬಂದಿತ್ತು. ಹೊಸ ಬಡಾವಣೆಯವರಿಗೆ ಬಫರ್ ದೊಡ್ಡ ನಷ್ಟವೂ ಅಲ್ಲ, ಅದನ್ನು ಪಾರ್ಕಿಗೆ ಬಿಡಬೇಕಾದ ಜಾಗದ ಲೆಕ್ಕಕ್ಕೆ ಹಿಡಿಯಲು ನಿಯಮದಲ್ಲೇ ಅವಕಾಶವಿದೆ. ನಲವತ್ತು-ಅರವತ್ತರ ಸೈಟಿನವರು ಯಾವ ಪಾರ್ಕಿಗೆ ಬಿಡುವುದು? ಬಫರ್‌ನೊಳಗೆ ಅನುಮತಿ ಇರುವುದು ರಸ್ತೆ, ಕಾಲುದಾರಿ, ಸೇತುವೆ, ಚರಂಡಿ, ಕೊಳಚೆ ನೀರಿನ ಘಟಕ, ಇಂಥವಕ್ಕೆ. ಹಳೇ ಮನೆಯವರಿಗೆ ಪರಿಹಾರದ ಮಾತು ಅಲ್ಲಿಲ್ಲ. ಜಾಗವನ್ನು ಸರ್ಕಾರ ತೆಗೆದುಕೊಂಡಿದ್ದರೆ ಹಣವಾದರೂ ಕೇಳಬಹುದಿತ್ತು. ತೆಗೆದುಕೊಂಡಿಲ್ಲ, ಬರೀ ಕಟ್ಟಬೇಡಿ ಎಂದಿದೆ.

ನಕಾಶೆ ಕೈಗೆ ಬಂದ ಮೇಲೆ ಉಳಿದದ್ದು ಬೇಗ ಆಯಿತು. ಹಿಂಬರಹದಲ್ಲಿ ಮೂರು ವಿಷಯ ಬರೆಸಿಕೊಂಡೆವು: ಒತ್ತುವರಿ ಇಲ್ಲ, ಕಾಲುವೆ ಮೂರನೇ ದರ್ಜೆಯದು, ಬಫರ್ ಗೆರೆ ಹಿಂದಿನ ಗೋಡೆಯಿಂದ ಇಷ್ಟು ದೂರಕ್ಕೆ ಬರುತ್ತದೆ. ಆರ್ಕಿಟೆಕ್ಟ್ ಹಳೆಯ ನಕ್ಷೆ ಎಸೆದು ಹೊಸದು ಬರೆದರು, ಅದಕ್ಕೆ ಮತ್ತೆ ಇಪ್ಪತ್ತು ಸಾವಿರ. ಹಿಂದಿನ ಅರ್ಧ ಇದ್ದ ಹಾಗೇ ಇರಬೇಕು, ಅದರ ಮೇಲೆ ಭಾರ ಹಾಕುವಂತಿಲ್ಲ. ಮುಂದಿನ ಭಾಗದ ಮೇಲೆ ಮಾತ್ರ ಮಹಡಿ. ಸಾವಿರದ ಮುನ್ನೂರು ಚದರಡಿ ಎಂದುಕೊಂಡಿದ್ದು ಆರುನೂರು ಚಿಲ್ಲರೆಗೆ ಬಂತು, ಒಂದು ಹಾಲು, ಎರಡು ಪುಟ್ಟ ಕೋಣೆ. ನಮ್ಮ ವಿಷಯದಲ್ಲಿ ಇಷ್ಟು ಸಾಧ್ಯವಾಗಲು 1996ರ ಮಂಜೂರಾದ ಪ್ಲ್ಯಾನ್ ಮಾವನವರ ಬೀರುವಿನಲ್ಲಿ ಸುರಕ್ಷಿತವಾಗಿದ್ದದ್ದೂ ಕಾರಣ. ಅದಿಲ್ಲದವರ ದಾರಿ ಇನ್ನೂ ಕಷ್ಟ. ಬ್ಯಾಂಕು ಬೆಲೆ ಕಟ್ಟುವಾಗ ಬಫರ್ ಭಾಗವನ್ನು ಬಿಟ್ಟೇ ಲೆಕ್ಕ ಹಾಕಿತು, ಸಾಲ ಕಡಿಮೆ ಸಿಕ್ಕಿತು. ಒಡವೆ ಅಡವಿಟ್ಟು ಸರಿದೂಗಿಸಿದೆವು. ಕಾಗದಪತ್ರದ ಓಡಾಟಕ್ಕೇ ಎಲ್ಲ ಸೇರಿ ಅರವತ್ತು ಸಾವಿರದ ಹತ್ತಿರ ಆಗಿದೆ, ಲಂಚ ಸೇರಿಲ್ಲ, ಕೊಡಲಿಲ್ಲ.

ಹಿಂದಿನ ಕೋಣೆಗಳಿಗೆ ಸುಣ್ಣಬಣ್ಣ, ಗಾರೆ, ಹೆಂಚು ಬದಲಿಸುವಂಥ ಸಣ್ಣ ರಿಪೇರಿ ಮಾಡಿಕೊಳ್ಳಬಹುದು. ಕೆಡವಿ ಕಟ್ಟುವ ಆಸೆ ಇದ್ದರೆ ಬಿಡಿ: ಒಮ್ಮೆ ಕೆಡವಿದರೆ ಬಫರ್‌ನೊಳಗೆ ಮತ್ತೆ ಏಳುವುದಿಲ್ಲ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವವರು ಸೈಟನ್ನು ಅಡ್ಡಕ್ಕೆ ಸೀಳಬೇಡಿ, ಹಿಂದಿನ ಪಾಲು ಸಿಕ್ಕವರಿಗೆ ನೆಲವಿದ್ದೂ ಇಲ್ಲದಂತೆ. ಉದ್ದಕ್ಕೆ ಸೀಳಿ. ನಮ್ಮ ಮನೆಯಲ್ಲಿ ಈ ಮಾತು ಆಡಲು ಒಂದು ವಾರ ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಮೈದುನನೇ ಎತ್ತಿದ.

ನಕಾಶೆಯ ದೃಢೀಕೃತ ಪ್ರತಿಗಳನ್ನು ಕಡತ ಮೇಜಿನ ಮೇಲಿರುವಾಗಲೇ ಮೂರ್ನಾಲ್ಕು ತೆಗೆದುಕೊಳ್ಳಿ. ದಾಖಲೆ ಕೊಠಡಿಗೆ ಹೋದ ಮೇಲೆ ಅದಕ್ಕೂ ಅರ್ಜಿ, ಅದಕ್ಕೂ ಕಾಯುವುದು. ನಮ್ಮ ಹತ್ತಿರ ಹೆಚ್ಚಿಗೆ ಇದ್ದ ಒಂದು ಪ್ರತಿಯನ್ನು ಕಳೆದ ವಾರ ರಂಗಪ್ಪನವರು ಜೆರಾಕ್ಸ್ ಮಾಡಿಸಿಕೊಡುತ್ತೇನೆಂದು ಒಯ್ದಿದ್ದಾರೆ, ಅವರ ಮಗನೂ ಮಹಡಿ ಹಾಕುವವನಂತೆ.